ನೂರಕ್ಕೆ ಒಂದು ವಾಪಸ್

ಆ ಬೀದಿಯಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಇಟ್ಟುಕೊಂಡಿದ್ದ ಮನುಷ್ಯನನ್ನು ಎಲ್ಲರೂ ನಲವತ್ತೈದಣ್ಣ ಎಂದು ಕರೆಯುತ್ತಿದ್ದರು. ವಯಸ್ಸಿಗೂ ಈ ಹೆಸರಿಗೂ ಸಂಬಂಧವಿಲ್ಲ, ಅವನಿಗೆ ಆಗಲೇ ಐವತ್ತೆರಡಾಗಿತ್ತು. ಕಟ್ಟು ಹಾಕುವವನು ಮರದ ಪಟ್ಟಿಯ ತುದಿಯನ್ನು ಸರಿಯಾಗಿ ನಲವತ್ತೈದು ಡಿಗ್ರಿಗೆ ಕೊಯ್ಯಬೇಕು. ನಲವತ್ನಾಲ್ಕಾದರೆ ಮೂಲೆಯಲ್ಲಿ ಸಂದು ಬೀಳುತ್ತದೆ, ನಲವತ್ತಾರಾದರೂ ಬೀಳುತ್ತದೆ. ಮೂವತ್ತು ವರ್ಷ ಹೀಗೆ ಗರಗಸ ಎಳೆದೂ ಎಳೆದೂ ಅವನ ಬಲಭುಜ ಒಂದು ಕಡೆಗೆ ವಾಲಿಬಿಟ್ಟಿತ್ತು. ಗೋಡೆಯ ಮೇಲಿನ ಫೋಟೋಗಳೆಲ್ಲ ನೆಟ್ಟಗಿದ್ದವು, ಅವುಗಳ ಕೆಳಗೆ ನಿಂತ ಅವನೊಬ್ಬನೇ ಸ್ವಲ್ಪ ಓರೆಯಾಗಿದ್ದ.

ಅವನ ಬಗ್ಗೆ ಹೇಳಲೇಬೇಕಾದ ಇನ್ನೊಂದು ಸಂಗತಿಯಿದೆ. ಯಾರನ್ನಾದರೂ ಏನನ್ನಾದರೂ ಕೇಳುವುದೆಂದರೆ ಅವನಿಗೆ ಪ್ರಾಣಸಂಕಟ. ಸಾಲ ಕೇಳಿದವನಲ್ಲ. ಬಸ್ಸಿನಲ್ಲಿ ಸ್ವಲ್ಪ ಸರಿಯಿರಿ ಎಂದು ಕೇಳಿದವನಲ್ಲ. ಹೆಣ್ಣು ನೋಡಲು ಹೋದಾಗ ಹುಡುಗಿಯ ಹೆಸರನ್ನೂ ಕೇಳದೆ ಬಂದು, ಆಮೇಲೆ ಮದುವೆಯ ಕಾಗದ ಅಚ್ಚಾಗಿ ಬಂದ ಮೇಲೆ ಓದಿ ತಿಳಿದುಕೊಂಡಿದ್ದ. ಇದನ್ನು ಅವನು ಸ್ವಾಭಿಮಾನ ಎಂದುಕೊಂಡಿದ್ದ. ಅವನ ಹೆಂಡತಿ ಆಸ್ಪತ್ರೆಯೊಂದರ ಚೀಟಿ ಕೌಂಟರಿನಲ್ಲಿ ಕೂತು ದಿನಕ್ಕೆ ಮುನ್ನೂರು ಜನರನ್ನು ಸಾಲಿನಲ್ಲಿ ನಿಲ್ಲಿಸುವವಳು. ಅವಳು ಅದಕ್ಕೆ ಬೇರೆ ಹೆಸರಿಟ್ಟಿದ್ದಳು, ಆದರೆ ನಾಲ್ಕು ಜನರ ಎದುರಿಗೆ ಹೇಳುತ್ತಿರಲಿಲ್ಲ.

ಭುಜ ತೋರಿಸಲು ಹೋದಾಗ ಡಾಕ್ಟರು ಸುತ್ತಿ ಬಳಸಿ ಮಾತಾಡಲಿಲ್ಲ. "ಗರಗಸ ಬಿಡಿ. ಇಲ್ಲಾಂದ್ರೆ ಕೈ ನಿಮ್ಮನ್ನ ಬಿಡುತ್ತೆ," ಎಂದರು. ಗರಗಸ ಬಿಟ್ಟರೆ ಅಂಗಡಿಯ ಬಾಗಿಲು ಎಳೆಯಬೇಕು. ಉಳಿದ ದಾರಿ ಒಂದೇ: ಕಾಲಿನಿಂದ ಪೆಡಲು ಒತ್ತಿದರೆ ಎರಡು ಬ್ಲೇಡು ಇಳಿದು ಪಟ್ಟಿಯನ್ನು ಒಂದೇ ಏಟಿಗೆ ನಲವತ್ತೈದಕ್ಕೆ ಕತ್ತರಿಸುವ ಯಂತ್ರ. ಹಳೆಯದೊಂದು ಯಂತ್ರ ಮಾರಾಟಕ್ಕಿತ್ತು, ಬೆಲೆ ಒಂದು ಲಕ್ಷದ ಹತ್ತು ಸಾವಿರ. "ಆರು ತಿಂಗಳು ನಿಮಗೋಸ್ಕರ ಇಟ್ಕೊಂಡಿರ್ತೀನಿ," ಎಂದ ವ್ಯಾಪಾರಿ. "ಏಳನೇ ತಿಂಗಳು ಯಾರು ಕೇಳಿದ್ರೂ ಕೊಟ್ಬಿಡ್ತೀನಿ."

ಹೀಗಾಗಿ ನಲವತ್ತೈದಣ್ಣ ಒಗೆದ ಅಂಗಿ ತೊಟ್ಟು, ಜೀವಮಾನದಲ್ಲಿ ಮೊದಲ ಸಲ ಬ್ಯಾಂಕಿನ ಸಾಲದ ಮೇಜಿನ ಮುಂದೆ ಕೂತ. ಮೇಜಿನ ಆಚೆ ಕೂತಿದ್ದ ಮೇಡಮ್ ಕಂಪ್ಯೂಟರಿನಲ್ಲಿ ಅವನ ಹೆಸರು ಹಾಕಿ, ಪರದೆಯನ್ನು ನೋಡಿ, ಅವನನ್ನು ನೋಡಿ, ಮತ್ತೆ ಪರದೆಯನ್ನು ನೋಡಿದರು.

"ನಿಮಗೆ ಸಾಲದ ಸ್ಕೋರಿಲ್ಲ," ಎಂದರು.

"ಎಷ್ಟು ಕಡಿಮೆ ಇದೆ ಮೇಡಮ್?"

"ಕಡಿಮೆ ಅಲ್ಲ. ಇಲ್ಲವೇ ಇಲ್ಲ."

"ಅಂದ್ರೆ ಸೊನ್ನೆನಾ?"

"ಸೊನ್ನೆ ಬರಬೇಕಾದ್ರೂ ಏನಾದ್ರೂ ಮಾಡಿರಬೇಕು. ನೀವು ಏನೂ ಮಾಡೇ ಇಲ್ಲ."

ನಲವತ್ತೈದಣ್ಣನಿಗೆ ಎದೆಯುಬ್ಬಿ ಬಂತು. "ಮೇಡಮ್, ನಾನು ಹುಟ್ಟಿದಾಗಿನಿಂದ ಒಬ್ಬರ ಹತ್ರ ಒಂದು ಕಾಸು ಸಾಲ ಮಾಡಿದವನಲ್ಲ!"

"ಅದೇ ತೊಂದರೆ," ಎಂದರು ಮೇಡಮ್ ಮರುಕದಿಂದ. "ಸಾಲ ಮಾಡದೇ ಇರೋರು ಸಾಲ ತೀರಿಸ್ತಾರೆ ಅಂತ ನಾವು ಹೇಗೆ ನಂಬೋದು?"

ಅವನು ಟೇಬಲ್ಲಿನ ಅಂಚನ್ನು ಸವರಿದ. ಅದರ ಮೂಲೆ ಕೂಡ ಸರಿಯಾಗಿ ಕೂತಿರಲಿಲ್ಲ. ಮೇಡಮ್ ಒಳ್ಳೆಯವರು, ಅವರೇ ದಾರಿ ಹೇಳಿದರು. ಸ್ಕೋರು ಹುಟ್ಟಿಸುವುದಕ್ಕೆಂದೇ ಒಂದು ಕಾರ್ಡಿದೆ. ಇಪ್ಪತ್ತು ಸಾವಿರ ಠೇವಣಿ ಇಟ್ಟರೆ ಇಪ್ಪತ್ತು ಸಾವಿರದ ಲಿಮಿಟ್ಟಿನ ಕಾರ್ಡು ಕೊಡುತ್ತಾರೆ. ಖರ್ಚು ಮಾಡಿದರೆ ನೂರಕ್ಕೆ ಒಂದು ಕ್ಯಾಶ್‌ಬ್ಯಾಕ್, ಆರು ತಿಂಗಳಿಗೊಮ್ಮೆ ಜಮಾ. ವಾರ್ಷಿಕ ಶುಲ್ಕ ಸಾವಿರದ ಇನ್ನೂರು. "ತಿಂಗಳಿಗೊಂದು ಸಣ್ಣ ಸಾಮಾನು ತಗೊಳ್ಳಿ, ಟೈಮಿಗೆ ಸರಿಯಾಗಿ ದುಡ್ಡು ಕಟ್ಟಿ, ಆರು ತಿಂಗಳು ಸುಮ್ಮನಿರಿ. ಮಿಕ್ಕಿದ್ದೆಲ್ಲ ಇದರಲ್ಲಿದೆ, ಓದ್ಕೊಳ್ಳಿ," ಎಂದು ಷರತ್ತುಗಳ ಕಾಗದವೊಂದನ್ನು ಕೈಗಿಟ್ಟರು.

ಬೇರೆ ಯಾರಾದರೂ ಆಗಿದ್ದರೆ ಆ ಕಾಗದವನ್ನು ಅಲ್ಲೇ ಓದುತ್ತಿದ್ದರು, ಇಲ್ಲವೇ ಎಲ್ಲರಂತೆ ಓದದೆ ಎಸೆಯುತ್ತಿದ್ದರು. ನಲವತ್ತೈದಣ್ಣ ಎರಡನ್ನೂ ಮಾಡಲಿಲ್ಲ. ಗೌರವದ ಕಾಗದವನ್ನು ಬರಿಗೈಯಲ್ಲಿ ಹಿಡಿದು ಓದುವುದು ಅವನ ಜಾಯಮಾನವಲ್ಲ. ಅವನದು ಮೊದಲು ಕಟ್ಟು, ಆಮೇಲೆ ಓದು. ಅಂಗಡಿಗೆ ಬಂದವನೇ ಕಾಗದದ ಸುತ್ತ ಅಗಲವಾದ ಕೆನೆಬಣ್ಣದ ರಟ್ಟಿನ ಅಂಚು ಕೂರಿಸಿ, ಗಾಜು ಹಾಕಿ, ಕಂದು ಪಟ್ಟಿಯ ಕಟ್ಟು ಬಿಗಿದು, ಮನೆಯ ಊಟದ ಮೇಜಿನ ಎದುರಿಗೆ ನೇತುಹಾಕಿದ. ಓದಲು ಬಹಳ ಚೆನ್ನಾಗಿತ್ತು. ಸಾವಿರದ ಇನ್ನೂರು ಎನ್ನುವ ಅಂಕಿಯ ಪಕ್ಕದಲ್ಲಿ ಪುಟ್ಟದೊಂದು ನಕ್ಷತ್ರದ ಗುರುತಿತ್ತು. ಅದು ಅಲಂಕಾರಕ್ಕೆ ಇರಬೇಕೆಂದುಕೊಂಡು ಮೆಚ್ಚಿಕೊಂಡ.

ಮೆಚ್ಚಿದ್ದು ನಕ್ಷತ್ರವನ್ನು ಮಾತ್ರ. ಸಾವಿರದ ಇನ್ನೂರು ಅವನ ಗಂಟಲಿನಲ್ಲಿ ಸಿಕ್ಕಿಕೊಂಡಿತು. ತನ್ನದೇ ದುಡ್ಡು ಠೇವಣಿ ಇಟ್ಟು, ತನ್ನದೇ ದುಡ್ಡು ಖರ್ಚು ಮಾಡಿ, ಅದನ್ನು ತಾನೇ ಕಟ್ಟಿ, ಅದಕ್ಕೊಂದು ಶುಲ್ಕ ಬೇರೆ! ಅದನ್ನು ಕ್ಯಾಶ್‌ಬ್ಯಾಕಿನಲ್ಲೇ ವಸೂಲು ಮಾಡಬೇಕೆಂದು ಹಟ ಹುಟ್ಟಿತು. ಮರದ ಪಟ್ಟಿಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಲೆಕ್ಕ ಹಾಕಿದ. ನೂರಕ್ಕೆ ಒಂದರಂತೆ ಸಾವಿರದ ಇನ್ನೂರು ಬರಬೇಕಾದರೆ ಒಂದು ಲಕ್ಷದ ಇಪ್ಪತ್ತು ಸಾವಿರ ಖರ್ಚು ಮಾಡಬೇಕು. ಆರು ತಿಂಗಳಿಗೆ ಹಂಚಿದರೆ ತಿಂಗಳಿಗೆ ಇಪ್ಪತ್ತು ಸಾವಿರ. ಅಂದರೆ ಲಿಮಿಟ್ಟಿಗೆ ಸರಿಸಮ, ಒಂದು ಕಾಸು ಹೆಚ್ಚಿಲ್ಲ, ಒಂದು ಕಾಸು ಕಡಿಮೆಯಿಲ್ಲ. ಮೂಲೆ ಇಷ್ಟು ಅಚ್ಚುಕಟ್ಟಾಗಿ ಕೂತ ಲೆಕ್ಕವನ್ನು ಅವನು ಹಿಂದೆ ಕಂಡಿರಲಿಲ್ಲ.

ತೊಂದರೆಯೆಂದರೆ ಅವನಿಗೆ ಖರ್ಚೇ ಇರಲಿಲ್ಲ. ಮನೆಯ ಸಾಮಾನು ಹೆಂಡತಿಯ ಸಂಬಳದಲ್ಲಿ ಬರುತ್ತಿತ್ತು. ಮರದ ಪಟ್ಟಿಯವನು, ಗಾಜಿನವನು ನಗದು ಹಣವನ್ನೇ ಕೇಳುತ್ತಿದ್ದರು. ಮೊದಲ ತಿಂಗಳ ಮೊದಲ ವಾರ ಅವನು ಒಂದು ಬಾಚಣಿಗೆ, ಒಂದು ಜೊತೆ ಕಾಲುಚೀಲ ಕೊಂಡ. ಬಾಚಣಿಗೆಯ ಅಗತ್ಯ ಅವನಿಗೆ ಅಷ್ಟಾಗಿ ಇರಲಿಲ್ಲ.

ಹೀಗಿರುವಾಗ ಒಂದು ಸಂಜೆ ನೋವಿನ ಮಾತ್ರೆ ಕೊಳ್ಳಲು ಔಷಧಿ ಅಂಗಡಿಗೆ ಹೋದ. ಅವನ ಮುಂದೆ ನಿಂತಿದ್ದ ಅಜ್ಜಿಯೊಬ್ಬಳು ಆರುನೂರ ನಲವತ್ತರ ಬಿಲ್ಲಿಗೆ ಪರ್ಸಿನಿಂದ ನೋಟುಗಳನ್ನು ಒಂದೊಂದೇ ತೆಗೆಯುತ್ತಿದ್ದಳು. ನಲವತ್ತೈದಣ್ಣನಿಗೆ ತಟ್ಟನೆ ಹೊಳೆಯಿತು. ಖರ್ಚು ಅಜ್ಜಿಯದು, ಕಾರ್ಡು ತನ್ನದು, ನಗದು ಅಜ್ಜಿ ತನಗೆ ಕೊಡುತ್ತಾಳೆ, ಕ್ಯಾಶ್‌ಬ್ಯಾಕ್ ತನಗೆ! ಯಾರಿಗೂ ನಷ್ಟವಿಲ್ಲ.

"ಅಜ್ಜಿ, ಇರಿ ಇರಿ, ನಾನು ಕೊಡ್ತೀನಿ!" ಎಂದು ನುಗ್ಗಿ ಕಾರ್ಡು ಕೊಟ್ಟುಬಿಟ್ಟ. ಕಾರ್ಡಿನ ಯಂತ್ರ ಕೀಂ ಎಂದಿತು. 'ಆ ದುಡ್ಡು ನನಗೆ ಕೊಡಿ' ಎನ್ನುವುದು ಮುಂದಿನ ಮಾತಾಗಬೇಕಿತ್ತು. ಅಷ್ಟರಲ್ಲಿ ಅಜ್ಜಿ ನೋಟುಗಳನ್ನು ಮಡಚಿ ಪರ್ಸಿಗೆ ಸೇರಿಸಿ, ಅವನ ಎರಡೂ ಕೈ ಹಿಡಿದುಕೊಂಡು ಗಳಗಳನೆ ಅತ್ತಳು. "ಹೊಟ್ಟೇಲಿ ಹುಟ್ಟಿದ ಮಗನೂ ಹೀಗೆ ಮಾಡಿಲ್ಲಪ್ಪ. ನೂರು ವರ್ಷ ಬಾಳು," ಎಂದಳು. ಔಷಧಿ ಅಂಗಡಿಯವನೂ ಕನ್ನಡಕ ತೆಗೆದು ಒರೆಸಿಕೊಂಡ. ಇಂಥ ಹೊತ್ತಿನಲ್ಲಿ ದುಡ್ಡು ಕೇಳಲು ಕಲ್ಲೆದೆ ಬೇಕು. ನಲವತ್ತೈದಣ್ಣ ಮಾತ್ರೆಯನ್ನೂ ಕೊಳ್ಳದೆ ಮನೆಗೆ ಬಂದ. ಆರುನೂರ ನಲವತ್ತು ಹೋಯಿತು, ಆರು ಚಿಲ್ಲರೆ ಬಂತು. ಬಂದದ್ದನ್ನು ಪುಸ್ತಕದಲ್ಲಿ 'ಲಾಭ' ಎಂದು ಬರೆದುಕೊಂಡ. ಹೋದದ್ದನ್ನು ಬರೆಯಲು ಆ ಪುಸ್ತಕದಲ್ಲಿ ಪುಟವಿರಲಿಲ್ಲ.

ತಪ್ಪು ಎಲ್ಲಿ ಆಯಿತೆಂದು ಯೋಚಿಸಿ, ಮೊದಲೇ ಹೇಳಿಬಿಡಬೇಕೆಂದು ನಿಶ್ಚಯಿಸಿದ. ಮಾರಾಟಕ್ಕಿಟ್ಟ ಹನ್ನೆರಡು ಕನ್ನಡಿಗಳ ಎದುರಿಗೆ ನಿಂತು, "ನಾನು ಕಾರ್ಡಲ್ಲಿ ಕೊಡ್ತೀನಿ, ನೀವು ನನಗೆ ನಗದು ಕೊಡಿ," ಎಂದು ಅಭ್ಯಾಸ ಮಾಡಿದ. ಹನ್ನೆರಡು ಮಂದಿಯೂ ಒಟ್ಟಿಗೆ ತಡವರಿಸಿದರು.

ಆದರೂ ಕೆಲಸ ನಡೆಯಿತು. ಪ್ರಾಮಾಣಿಕರು ತಾವಾಗಿಯೇ ಲೆಕ್ಕ ಮಾಡಿ ನಗದು ಕೊಟ್ಟರು. ಉಳಿದವರು ಅವನ ಬಾಯಿಂದ ಆ ಮಾತು ಬರಲೆಂದು ಕಾದರು, ಅದು ಬರಲಿಲ್ಲ. ಒಬ್ಬಳ ಮಗುವಿಗೆ ತಳ್ಳುಗಾಡಿ ಬಂತು. ಯಾರದೋ ನಾಯಿಗೆ ಚುಚ್ಚುಮದ್ದು ಆಯಿತು. ಅಂಗಡಿಯ ಮೇಲಿನ ಮನೆಯಲ್ಲಿದ್ದ ನಿವೃತ್ತ ಮೇಷ್ಟ್ರಿಗೆ ನಾಲ್ಕು ಸಾವಿರದ ಇನ್ನೂರರ ಹೊಸ ಹಲ್ಲಿನ ಸೆಟ್ಟು ಬಂತು. "ಕೊಡ್ತೀನಿ ಕಣಯ್ಯ, ಮೊದಲು ಹಲ್ಲು ಕೂತ್ಕೊಳ್ಳಲಿ," ಎಂದಿದ್ದರು ಮೇಷ್ಟ್ರು. ಹಲ್ಲು ಮೂರೇ ದಿನಕ್ಕೆ ಕೂತಿತು, ಮಾತು ಸ್ಪಷ್ಟವಾಯಿತು, ಆ ಸ್ಪಷ್ಟವಾದ ಮಾತಿನಲ್ಲಿ ದುಡ್ಡಿನ ಸುದ್ದಿ ಮಾತ್ರ ಬರಲಿಲ್ಲ. ಪ್ರತಿ ತಿಂಗಳೂ ನಲವತ್ತೈದಣ್ಣ ಕಡಿಮೆ ಬಿದ್ದದ್ದನ್ನು ತನ್ನ ಉಳಿತಾಯದಿಂದ ತುಂಬಿ, ಗಡುವಿಗೆ ಎರಡು ದಿನ ಮೊದಲೇ ಬ್ಯಾಂಕಿಗೆ ಕಟ್ಟುತ್ತಿದ್ದ.

ತಿಂಗಳ ಕೊನೆ ಬಂತೆಂದರೆ ಅವನ ಪಾಡು ನೋಡುವಂತಿರಲಿಲ್ಲ. ಇಪ್ಪತ್ತೆಂಟನೇ ತಾರೀಖು ಲಿಮಿಟ್ಟಿನಲ್ಲಿ ಇನ್ನೂ ಮೂರು ಸಾವಿರ ಉಳಿದಿದ್ದರೆ ಅಂಗಡಿ ಬಿಟ್ಟು ಹೊರಡುತ್ತಿದ್ದ. ಬೀದಿಯಲ್ಲಿ ಯಾರ ಕೈಯಲ್ಲಿ ಬಿಲ್ಲು ಕಂಡರೂ ಹಿಂದೆಯೇ ನಡೆದುಬಿಡುತ್ತಿದ್ದ. ನಾಲ್ಕನೇ ತಿಂಗಳ ಹೊತ್ತಿಗೆ ಅಂಗಡಿಗಳವರೇ ಕೂಗಿ ಕರೆಯುವಂತಾಯಿತು. "ಅಣ್ಣಾ, ಇಲ್ಲೊಂದು ದೊಡ್ಡ ಬಿಲ್ಲಿದೆ ಬನ್ನಿ!" ಸಂಜೆ ಐದಕ್ಕೆ ಔಷಧಿ ಅಂಗಡಿಯ ಮುಂದೆ ಅವನಿಗಾಗಿಯೇ ಒಂದು ಸಾಲು ನಿಲ್ಲತೊಡಗಿತು. ಸಾಲಿನಲ್ಲಿ ಆರೋಗ್ಯವಂತರೂ ಇದ್ದರು.

ಒಬ್ಬ ಮನುಷ್ಯ ಸುಮ್ಮಸುಮ್ಮನೆ ಹೀಗೆ ದುಡ್ಡು ಸುರಿಯುತ್ತಾನೆ ಎಂದರೆ ಅದಕ್ಕೊಂದು ಕಾರಣ ಬೇಕಲ್ಲ. ಕಾರಣ ಕಂಡುಹಿಡಿದವನು ಔಷಧಿ ಅಂಗಡಿಯವನೇ. ನಲವತ್ತೈದಣ್ಣ ವಾರಕ್ಕೆರಡು ಸಲ ನೋವಿನ ಮಾತ್ರೆ ಕೊಳ್ಳುತ್ತಾನೆ. ದೊಡ್ಡ ಡಾಕ್ಟರ ಹತ್ತಿರ ಹೋಗಿ ಬಂದಿದ್ದಾನೆ. ಬಂದ ಮೇಲೆಯೇ ಈ ದಾನಧರ್ಮ ಶುರುವಾಗಿದೆ. ಅಂದಮೇಲೆ ಪಾಪ, ಹೆಚ್ಚು ದಿನ ಇಲ್ಲ. ಈ ಮಾತು ಬೀದಿಯ ಉದ್ದಕ್ಕೂ ನಡೆದುಕೊಂಡು ಹೋಯಿತು. ಈ ತುದಿಯಲ್ಲಿ ಭುಜದಲ್ಲಿದ್ದ ಕಾಯಿಲೆ ಆ ತುದಿ ಮುಟ್ಟುವಷ್ಟರಲ್ಲಿ ಪಿತ್ತಕೋಶಕ್ಕೆ ಇಳಿದಿತ್ತು.

ಅಲ್ಲಿಂದ ಬೀದಿಯ ನಡವಳಿಕೆಯೇ ಬದಲಾಯಿತು. ಕಟ್ಟಿಗೆಂದು ಫೋಟೋ ಕೊಟ್ಟು ಎರಡು ವರ್ಷ ಈ ಕಡೆ ತಲೆ ಹಾಕದವರು ಬಂದು, "ಅರ್ಜೆಂಟೇನಿಲ್ಲ... ಆದರೂ ನಿಮ್ಮ ಕೈಯಿಂದಲೇ ಆಗಿಬಿಡ್ಲಿ ಅಂತ," ಎಂದು ನೆಲ ನೋಡಿದರು. ಕ್ಷೌರದವನು ದುಡ್ಡು ತೆಗೆದುಕೊಳ್ಳಲಿಲ್ಲ. ನಲವತ್ತೈದಣ್ಣ ಇದನ್ನೆಲ್ಲ ಕಾರ್ಡು ತಂದುಕೊಟ್ಟ ಮರ್ಯಾದೆ ಎಂದೇ ತಿಳಿದ. ಬೇರೆ ಊರಿನಿಂದ ಅವನ ಅಕ್ಕ ಒಂದು ವಾರಕ್ಕಾಗುವಷ್ಟು ಬಟ್ಟೆ ತುಂಬಿಕೊಂಡು ಬಂದಿಳಿದಳು. ಬಾಗಿಲಲ್ಲೇ ಅವನ ತಲೆ ಸವರಿ ಅತ್ತಳು. ಕಣ್ಣೊರೆಸಿಕೊಂಡ ಮೇಲೆ, "ಅಪ್ಪನ ಗೋಡೆ ಗಡಿಯಾರ ನಿನಗೇನೂ ಅಷ್ಟು ಬೇಕಾಗಿಲ್ಲ ಅಲ್ವೇನೋ?" ಎಂದು ಕೇಳಿದಳು. ಕೊಡುವುದಿಲ್ಲ ಎನ್ನಲು ಬಾಯಿ ಬಾರದೆ ಅವನೇ ಏಣಿ ಹಾಕಿ ಇಳಿಸಿಕೊಟ್ಟ.

ಆರನೇ ತಿಂಗಳಿನಲ್ಲಿ ಮೇಷ್ಟ್ರು ಔಷಧಿ ಅಂಗಡಿಯವನನ್ನು ಕರೆದುಕೊಂಡು ಅಂಗಡಿಗೆ ಬಂದರು.

"ಒಂದು ಕಟ್ಟು ಆಗಬೇಕಲ್ಲಯ್ಯ. ದೊಡ್ಡದು. ಕಪ್ಪು ಪಟ್ಟಿ."

"ಫೋಟೋ ಕೊಡಿ ಮೇಷ್ಟ್ರೇ."

ಇಬ್ಬರೂ ಮುಖ ಮುಖ ನೋಡಿಕೊಂಡರು. "ಫೋಟೋ ಆಮೇಲೆ... ಟೈಮು ಬಂದಾಗ ಹಾಕ್ಕೊಳ್ತೀವಿ," ಎಂದ ಔಷಧಿ ಅಂಗಡಿಯವನು.

"ಯಾರದು ಅಂತ ಗೊತ್ತಾದ್ರೆ ಪಟ್ಟಿ ಆರಿಸೋಕೆ ಅನುಕೂಲ. ದಪ್ಪ ಮುಖಕ್ಕೆ ಸಣ್ಣ ಪಟ್ಟಿ ಒಪ್ಪಲ್ಲ."

"ಸುಮಾರು ನಿನ್ನ ಮುಖದಂಥದೇ ಮುಖ," ಎಂದರು ಮೇಷ್ಟ್ರು ಗಂಟಲು ಸರಿಮಾಡಿಕೊಂಡು. "ಒಬ್ಬ ಒಳ್ಳೆ ಮನುಷ್ಯ. ಬೀದಿಯವರೆಲ್ಲ ಸೇರಿ ಚಂದಾ ಎತ್ತಿದ್ದೀವಿ."

"ಚಂದಾ ಎತ್ತಿ ಮಾಡಿಸ್ತೀರಿ, ಅದೂ ಅಗ್ಗದ ಪಟ್ಟಿನಾ? ಪಾಪ, ಆ ಮನುಷ್ಯನಿಗೆ ಸ್ವಲ್ಪ ಮರ್ಯಾದೆ ಬೇಡ್ವಾ? ಇನ್ನು ನೂರೈವತ್ತು ಹಾಕಿ, ಒಳಗೆ ಬೆಳ್ಳಿ ಗೆರೆ ಇರೋದನ್ನ ಕೊಡ್ತೀನಿ," ಎಂದ ನಲವತ್ತೈದಣ್ಣ. ಔಷಧಿ ಅಂಗಡಿಯವನು ಬಿಕ್ಕುತ್ತಾ ನೂರೈವತ್ತು ತೆಗೆದುಕೊಟ್ಟ. ಭುಜ ಎಷ್ಟೇ ನೋಯಲಿ, ನಾಲ್ಕು ಮೂಲೆಯನ್ನೂ ಒಂದು ಕೂದಲೂ ತೂರದಂತೆ ಕೂರಿಸಿ, ಕಟ್ಟನ್ನು ಮರುದಿನವೇ ಒಪ್ಪಿಸಿದ. ಆ ವರ್ಷ ಅವನ ಕೈಯಿಂದ ಅಷ್ಟು ಚೆನ್ನಾದ ಕೆಲಸ ಬೇರೊಂದು ಆಗಿರಲಿಲ್ಲ.

ಅಂದು ಸಂಜೆ ಹೆಂಡತಿ ಕೆಲಸದಿಂದ ಬಂದು ಕೈಚೀಲವನ್ನೂ ಕೆಳಗಿಡದೆ ಎದುರಿಗೆ ನಿಂತಳು.

"ರೀ, ನೀವು ಸಾಯ್ತಾ ಇದ್ದೀರಂತೆ."

"ಯಾರು?"

"ನೀವು. ಕೌಂಟರಿನ ಹತ್ರ ಬಂದು ಹನ್ನೊಂದು ಜನ ನನ್ನ ಕೈ ಹಿಡ್ಕೊಂಡು ಸಮಾಧಾನ ಹೇಳಿದ್ರು. ಕಟ್ಕೊಂಡವಳಿಗೆ ಒಂದು ಮಾತು ಹೇಳಬಾರದಾ?"

"ನನಗೇ ಯಾರೂ ಹೇಳಿಲ್ಲ ಕಣೇ!" ಎಂದ ನಲವತ್ತೈದಣ್ಣ ಗಾಬರಿಯಿಂದ.

ಕೌಂಟರಿನಲ್ಲಿ ಕೂತವರಿಗೆ ಒಂದು ಗುಣವಿರುತ್ತದೆ, ಗಾಬರಿಯಾದವನಿಂದಲೂ ವಿಷಯವನ್ನು ಕ್ರಮವಾಗಿ ಹೊರಡಿಸುತ್ತಾರೆ. ಕಾಲು ಗಂಟೆಯಲ್ಲಿ ಅಜ್ಜಿಯಿಂದ ಹಿಡಿದು ಕಪ್ಪು ಪಟ್ಟಿಯ ಕಟ್ಟಿನವರೆಗೆ ಎಲ್ಲವೂ ಹೊರಬಂತು. ಕಟ್ಟು ಯಾರಿಗೆಂದು ಅವಳಿಗೆ ಕೂಡಲೇ ಅರ್ಥವಾಯಿತು. ಅವನಿಗೆ ಅರ್ಥವಾಗಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವನು ಮೆಲ್ಲಗೆ, "ಬೆಳ್ಳಿ ಗೆರೆ ಹಾಕಿಸಿದ್ದು ಒಳ್ಳೇದಾಯ್ತು," ಎಂದ.

ಹೆಂಡತಿ ಗೋಡೆಯ ಮೇಲಿನ ಷರತ್ತುಗಳ ಕಾಗದದ ಹತ್ತಿರ ಹೋಗಿ ನಿಂತಳು. "ಈ ನಕ್ಷತ್ರ ಏನಕ್ಕೆ?"

"ಅಲಂಕಾರಕ್ಕೆ."

"ಬ್ಯಾಂಕಿನವರು ಅಲಂಕಾರ ಮಾಡ್ತಾರೇನ್ರಿ? ನಕ್ಷತ್ರ ಮೇಲಿದ್ರೆ ಅದರ ಅರ್ಥ ಕೆಳಗಿರುತ್ತೆ. ಕೆಳಗೆಲ್ಲಿದೆ?"

ಕೆಳಗೆ ಅಂಗೈ ಅಗಲದ ಕೆನೆಬಣ್ಣದ ರಟ್ಟಿತ್ತು. ಅವಳು ಕಟ್ಟನ್ನು ಇಳಿಸಿ, ಹಿಂದಿನ ಮೊಳೆಗಳನ್ನು ಚಮಚದಿಂದ ಎಬ್ಬಿಸಿ, ರಟ್ಟು ಸರಿಸಿದಳು. ಅಡಿಯಲ್ಲಿ ಸಣ್ಣ ಅಕ್ಷರದ ಮೂರು ಸಾಲು ಆರು ತಿಂಗಳಿಂದ ಕತ್ತಲಲ್ಲಿ ಕೂತಿದ್ದವು. ಅವಳು ಗಟ್ಟಿಯಾಗಿ ಓದಿದಳು. ಒಂದು, ಮೊದಲ ವರ್ಷ ವಾರ್ಷಿಕ ಶುಲ್ಕ ಇರುವುದಿಲ್ಲ. ಎರಡು, ಕ್ಯಾಶ್‌ಬ್ಯಾಕ್ ತಿಂಗಳಿಗೆ ಎಪ್ಪತ್ತೈದು ರೂಪಾಯಿ ಮೀರುವುದಿಲ್ಲ. ಮೂರು, ಲಿಮಿಟ್ಟಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬಳಸಿದರೆ ಸ್ಕೋರಿಗೆ ಪೆಟ್ಟು ಬೀಳಬಹುದು.

ಅಕ್ಕ ಬಚ್ಚಲಿನಿಂದ ಇಣುಕಿ, ಈಗ ತಾನು ಅಳಬೇಕೋ ಬೇಡವೋ ಎಂದು ಸನ್ನೆಯಲ್ಲಿ ವಿಚಾರಿಸಿದಳು. ಇಲ್ಲದ ಶುಲ್ಕವನ್ನು ವಸೂಲು ಮಾಡಲು ಅವನು ಒಂದು ಲಕ್ಷದ ಇಪ್ಪತ್ತು ಸಾವಿರ ಖರ್ಚು ಮಾಡಿ ನಾನೂರ ಐವತ್ತು ಸಂಪಾದಿಸಿದ್ದ. ಹಿಂದಿರುಗದೆ ಹೋದದ್ದು ಇಪ್ಪತ್ತಮೂರು ಸಾವಿರ.

ಮರುದಿನ ಬ್ಯಾಂಕಿನಲ್ಲಿ ಮೇಡಮ್ ಪರದೆ ನೋಡಿ ತುಟಿ ಕಚ್ಚಿಕೊಂಡರು. "ಸ್ಕೋರೇನೋ ಹುಟ್ಟಿದೆ," ಎಂದರು. "ಆದರೆ ಹುಟ್ಟಿದ್ದೇ ಹಾಸಿಗೆ ಹಿಡಿದಿದೆ. ಐನೂರ ಎಂಬತ್ತು. ಸಾಲ ಸಿಗಬೇಕಾದ್ರೆ ಏಳುನೂರು ಬೇಕು."

"ಒಂದು ದಿನವೂ ತಡ ಮಾಡಿಲ್ಲ ಮೇಡಮ್."

"ಅದೊಂದೇ ನಿಮ್ಮನ್ನ ಉಳಿಸಿರೋದು. ಪ್ರತಿ ತಿಂಗಳೂ ಕೊನೇ ಕಾಸಿನ ತನಕ ಬಳಸಿದ್ರೆ ಕಂಪ್ಯೂಟರು ಏನು ತಿಳ್ಕೊಳ್ಳುತ್ತೆ? ಈ ಮನುಷ್ಯ ಹಣಕ್ಕೆ ಬಾಯಿ ಬಾಯಿ ಬಿಡ್ತಿದ್ದಾನೆ ಅಂತ. ನಾಯಿ ಚುಚ್ಚುಮದ್ದು, ಮಕ್ಕಳ ತಳ್ಳುಗಾಡಿ, ಹಲ್ಲಿನ ಸೆಟ್ಟು... ಮನೇಲಿ ಎಷ್ಟು ಜನ ಇದ್ದೀರಿ?"

"ಇಬ್ಬರು."

ಮೇಡಮ್ ಪರದೆಯನ್ನು ಇನ್ನೊಮ್ಮೆ ಮೇಲಿನಿಂದ ಕೆಳಗೆ ಓದಿದರು. ಕೊನೆಗೆ, ಒಳ್ಳೆಯ ಸ್ಕೋರಿರುವವರು ಯಾರಾದರೂ ಜಾಮೀನು ಹಾಕಿದರೆ ನೋಡಬಹುದು ಎಂದರು. ಜಾಮೀನು ಎಂದರೆ ಇನ್ನೊಬ್ಬರನ್ನು ಕೇಳಬೇಕು. ನಲವತ್ತೈದಣ್ಣ ಎದ್ದು ಬಂದುಬಿಟ್ಟ. ದಾರಿಯಲ್ಲಿ ಯಂತ್ರದ ವ್ಯಾಪಾರಿಯ ಫೋನು ಬಂತು. ಶನಿವಾರ ಕೊನೆಯ ದಿನ, ಇನ್ನೊಬ್ಬ ಗಿರಾಕಿ ಆಗಲೇ ಬಂದು ಯಂತ್ರವನ್ನು ಮುಟ್ಟಿ ನೋಡಿ ಹೋಗಿದ್ದಾನೆ. ನಲವತ್ತೈದಣ್ಣ ಅಂಗಡಿಗೆ ಬಂದು ಗರಗಸವನ್ನು ಎತ್ತಿ ನೋಡಿದ, ಕೈ ಎದೆಯ ಮಟ್ಟಕ್ಕಿಂತ ಮೇಲೆ ಏಳಲಿಲ್ಲ. ಮೂವತ್ತು ವರ್ಷದ ಅಂಗಡಿ ಮುಗಿಯಿತೆಂದು ಅವನಿಗೆ ನಿಜವಾಗಿಯೂ ಅಳು ಬಂತು.

ಅಳಲು ಪುರುಸೊತ್ತು ಸಿಗಲಿಲ್ಲ. ಅವನು ಸಾಯುವುದಿಲ್ಲ ಎಂಬ ಸುದ್ದಿ ಅಷ್ಟರಲ್ಲಿ ಬೀದಿಗೆ ಮುಟ್ಟಿತ್ತು. ಖುಷಿಪಡುವ ಬದಲು ಹದಿನೈದು ಇಪ್ಪತ್ತು ಜನ ಅಂಗಡಿಯ ಮುಂದೆ ಸೇರಿದರು. ಔಷಧಿ ಅಂಗಡಿಯವನು ಖಾಲಿ ಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ನಿಂತಿದ್ದ. ಹಿಡಿದವನ ಮುಖವೇ ಅದರೊಳಗೆ ಸರಿಯಾಗಿ ಕಾಣುತ್ತಿತ್ತು.

"ಏನಣ್ಣ ಇದು? ನಾವು ಚಂದಾ ಎತ್ತಿದ್ದೀವಿ, ಅತ್ತಿದ್ದೀವಿ. ನೀನು ನೋಡಿದ್ರೆ ಗುಂಡುಕಲ್ಲಿನ ಹಾಗಿದ್ದೀಯ!"

"ತಪ್ಪಾಯ್ತು," ಎಂದ ನಲವತ್ತೈದಣ್ಣ.

"ತಪ್ಪಾಯ್ತು ಅಂದ್ರೆ? ಈ ಕಟ್ಟನ್ನ ಏನು ಮಾಡೋಣ?"

"ನಾನು ಎರಡು ತಿಂಗಳು ಪುಕ್ಕಟೆ ಕ್ಷೌರ ಮಾಡಿದ್ದೀನಿ!" ಎಂದು ಹಿಂದಿನಿಂದ ಕೂಗು ಬಂತು. ಸಾಯುವವನಂತೆ ನಂಬಿಸಿ ಬದುಕಿಬಿಡುವುದು ದೊಡ್ಡ ಮೋಸವೆಂದು ಎಲ್ಲರೂ ಒಪ್ಪಿದರು. ನಲವತ್ತೈದಣ್ಣನಿಗೂ ಹೌದೆನಿಸತೊಡಗಿತ್ತು.

ಆಗ ಅವನ ಹೆಂಡತಿ ಒಂದು ಮಡಿಚುವ ಕುರ್ಚಿ, ಒಂದು ಕಾಗದದ ಕಂತೆ ಹಿಡಿದು ಬಂದು, ಅಂಗಡಿಯ ಬಾಗಿಲಿಗೆ ಅಡ್ಡಲಾಗಿ ಕೂತಳು. "ತಳ್ಳಾಡಬೇಡಿ. ಒಬ್ಬೊಬ್ಬರಾಗಿ ಬನ್ನಿ," ಎಂದಳು. ಮೂರೇ ಕ್ಷಣದಲ್ಲಿ ಸಾಲು ನಿಂತಿತು, ಕೆಲವರು ಅಭ್ಯಾಸಬಲದಿಂದ ಕೈಯನ್ನೂ ಚಾಚಿದರು. ಕಂತೆ ಎಂದರೆ ಕಾರ್ಡಿನ ಆರು ತಿಂಗಳ ಖರ್ಚಿನ ಪಟ್ಟಿ.

"ತಳ್ಳುಗಾಡಿ, ಎರಡು ಸಾವಿರದ ಒಂಬೈನೂರು. ಯಾರದು? ನಾಯಿ ಚುಚ್ಚುಮದ್ದು, ಎಂಟುನೂರು. ಯಾರ ನಾಯಿ? ಬಾಯಿ ಬಿಡಿ, ನಾಯಿ ಮಾತಾಡಲ್ಲ."

ಸಾಲಿನ ಬಾಲ ಸದ್ದಿಲ್ಲದೆ ಕರಗಲು ನೋಡಿತು. "ಹಿಂದೆ ನಿಂತಿರೋರು ಹೋಗಬೇಡಿ, ನಿಮ್ಮ ನಂಬರೂ ಬರುತ್ತೆ!" ಎಂದಳು. ಒಂದು ಗಂಟೆಯಲ್ಲಿ ಹದಿನೆಂಟು ಸಾವಿರದ ಎಂಟುನೂರು ಬಂತು. ಮೊದಲ ದಿನದ ಅಜ್ಜಿ ಕೂಡ ಬಂದು, "ಕೇಳಿದ್ರೆ ಅವತ್ತೇ ಕೊಡ್ತಿದ್ನಲ್ಲಪ್ಪ," ಎಂದು ಆರುನೂರ ನಲವತ್ತು ಎಣಿಸಿಕೊಟ್ಟಳು. ಖಾಲಿ ಕಟ್ಟಿನೊಳಗೆ ಔಷಧಿ ಅಂಗಡಿಯವನು 'ಸಾಲ ಕೇಳಬೇಡಿ' ಎನ್ನುವ ತನ್ನ ಬೋರ್ಡನ್ನು ಹಾಕಿಕೊಳ್ಳುವುದೆಂದು ತೀರ್ಮಾನವಾಯಿತು. ಬೆಳ್ಳಿ ಗೆರೆಯಿಂದ ಅದಕ್ಕೆ ಒಳ್ಳೆಯ ಕಳೆ ಬಂತು.

ಕೊನೆಗೆ ಮೇಷ್ಟ್ರೊಬ್ಬರು ಉಳಿದರು.

"ನನ್ನ ಹತ್ರ ದುಡ್ಡಿಲ್ಲಮ್ಮ," ಎಂದರು ಹೊಸ ಹಲ್ಲು ತೋರಿಸಿ.

"ಮತ್ತೇನಿದೆ?"

"ಸ್ಕೋರಿದೆ." ಮೇಷ್ಟ್ರು ಫೋನು ತೆಗೆದು ಅಂಕಪಟ್ಟಿ ತೋರಿಸುವಂತೆ ಎಲ್ಲರಿಗೂ ತೋರಿಸಿದರು. "ಎಂಟುನೂರ ಹನ್ನೊಂದು! ನನ್ನ ಶಿಷ್ಯರಲ್ಲಿ ಒಬ್ಬನೂ ಇಷ್ಟು ತೆಗೆದಿಲ್ಲ. ನಾಲ್ಕು ಕಾರ್ಡಿದೆ. ಫ್ರಿಜ್ಜಿಗೊಂದು ಸಾಲ, ಆ ಸಾಲ ತೀರಿಸೋಕೆ ಇನ್ನೊಂದು. ನಲವತ್ತು ವರ್ಷದಲ್ಲಿ ಒಂದು ಕಂತು ತಪ್ಪಿಸಿಲ್ಲ."

"ಮತ್ತೆ ಇವರ ದುಡ್ಡು?"

"ಬ್ಯಾಂಕಿನವರು ಬಡ್ಡಿ ಹಾಕ್ತಾರಮ್ಮ. ಇವನು ಹಾಕಲ್ಲ. ನೀನೇ ಹೇಳು, ಮೊದಲು ಯಾರಿಗೆ ಕೊಡಬೇಕು?"

ಅವಳು ಗಂಡನ ಕಡೆ ತಿರುಗಿ, "ಕೇಳ್ರೀ," ಎಂದಳು.

ಬೀದಿಯೆಲ್ಲ ನೋಡುತ್ತಿತ್ತು. ನಲವತ್ತೈದಣ್ಣ ಬಾಯಿ ತೆರೆದ, ಮುಚ್ಚಿದ. ಕನ್ನಡಿಗಳೊಳಗಿನ ಹನ್ನೆರಡು ಮಂದಿಯೂ ತೆರೆದು ಮುಚ್ಚಿದರು. ಕಿವಿ ಕೆಂಪಾಯಿತು, ಹಣೆಯಲ್ಲಿ ಬೆವರು ಬಂತು. ಒಬ್ಬ ಓಡಿಹೋಗಿ ನೀರು ತಂದ. ಈಗ ನಿಜವಾಗಿಯೂ ಹೋಗಿಬಿಡುತ್ತಾನೇನೋ ಎಂದು ಔಷಧಿ ಅಂಗಡಿಯವನು ಕಟ್ಟನ್ನು ಮತ್ತೆ ಎತ್ತಿಕೊಂಡ.

"ಮೇಷ್ಟ್ರೇ," ಎಂದ ಕೊನೆಗೆ. "ಈ ಕೈ ಹೋದ್ರೆ ನನಗೆ ಬೇರೆ ಕೆಲಸ ಗೊತ್ತಿಲ್ಲ. ನನಗೆ... ಜಾಮೀನು ಹಾಕ್ತೀರಾ?"

"ಇಷ್ಟೇನಾ?" ಎಂದರು ಮೇಷ್ಟ್ರು. "ಬಾ, ಅಂಗಿ ಬದಲಾಯಿಸ್ಕೊಂಡು ಬರ್ತೀನಿ."

ಬ್ಯಾಂಕಿನಲ್ಲಿ ಮೇಷ್ಟ್ರು ಕಾಲಿಟ್ಟ ಕೂಡಲೇ ಮೇಡಮ್ ಎದ್ದು ನಿಂತರು. ಕುರ್ಚಿ ಬಂತು, ಟೀ ಬಂತು, ಒಳಗಿನ ಕೋಣೆಯಿಂದ ಮ್ಯಾನೇಜರೇ ಬಂದು ಕೈಕುಲುಕಿ ಆರೋಗ್ಯ ವಿಚಾರಿಸಿದರು. ಊರು ತುಂಬ ಸಾಲ ಮಾಡಿದವನು ಕೂತ, ಜನ್ಮದಲ್ಲಿ ಸಾಲ ಮಾಡದವನು ಅವನ ಹಿಂದೆ ನಿಂತ. ಮೇಡಮ್ ಅರ್ಜಿ ತುಂಬುತ್ತಾ, "ಇವರನ್ನ ನಂಬಬಹುದಾ ಸಾರ್?" ಎಂದು ಕೇಳಿದರು.

"ಮೇಡಮ್," ಎಂದರು ಮೇಷ್ಟ್ರು ಗಂಭೀರವಾಗಿ, "ನನ್ನ ಬಾಯಲ್ಲಿರೋ ಹಲ್ಲು ಇವನ ದುಡ್ಡಿನದು. ತಿಂಗಳುಗಟ್ಟಲೆ ಅವನೆದುರಿಗೇ ಅಗಿದಿದ್ದೀನಿ. ಒಂದು ದಿನ ಕೇಳಿಲ್ಲ."

ಮೇಡಮ್ ಕಣ್ಣರಳಿಸಿ ಪೆನ್ನು ಕೆಳಗಿಟ್ಟರು, ಮತ್ತೆ ಎತ್ತಿಕೊಂಡರು. ಹತ್ತು ನಿಮಿಷದಲ್ಲಿ ಸಾಲ ಮಂಜೂರಾಯಿತು. ನಲವತ್ತೈದಣ್ಣನಿಗೆ ಕಣ್ಣು ತುಂಬಿ ಸಹಿ ಹಾಕುವ ಜಾಗ ಎರಡೆರಡಾಗಿ ಕಂಡಿತು.

ಮೆಟ್ಟಿಲು ಇಳಿಯುವಾಗ ಮೇಷ್ಟ್ರು ಅವನ ಹೆಗಲ ಮೇಲೆ ಕೈ ಹಾಕಿದರು. "ನನ್ನ ಸಹಿ ಪುಕ್ಕಟೆ ಅಂದ್ಕೊಂಡ್ಯೇನಯ್ಯ? ವರ್ಷಕ್ಕೆ ಸಾವಿರದ ಇನ್ನೂರು. ಸಾಲ ಮೂರು ವರ್ಷದ್ದು. ಹಲ್ಲಿನ ಬಾಕಿಯಲ್ಲಿ ಮುರ್ಕೋ."

ನಲವತ್ತೈದಣ್ಣ ಮೆಟ್ಟಿಲ ಮೇಲೆಯೇ ನಿಂತ. ಒಮ್ಮೆ ಬಾಯಿ ಬಿಟ್ಟವನಿಗೆ ಎರಡನೆಯ ಸಲ ಅಷ್ಟು ಕಷ್ಟವಾಗಲಿಲ್ಲ.

"ಆಗಲ್ಲ ಮೇಷ್ಟ್ರೇ. ವರ್ಷಕ್ಕೆ ಆರುನೂರು. ಮೂರು ವರ್ಷಕ್ಕೆ ಸಾವಿರದ ಎಂಟುನೂರು ಮುರ್ಕೊಳ್ತೀನಿ. ಉಳಿದ ಎರಡು ಸಾವಿರದ ನಾಲ್ಕುನೂರು ಒಂದನೇ ತಾರೀಖಿಗೆ ಕೊಡಿ. ತಡವಾದ್ರೆ ಬಡ್ಡಿ."

"ಬಡ್ಡಿ?" ಮೇಷ್ಟ್ರ ಕೈ ತಾನಾಗಿ ಅವನ ಹೆಗಲಿನಿಂದ ಇಳಿಯಿತು. "ಎಷ್ಟು?"

"ನೂರಕ್ಕೆ ಎರಡು. ತಿಂಗಳಿಗೆ."

ಮೇಷ್ಟ್ರು ಅವನನ್ನು ಹೊಸದಾಗಿ ನೋಡಿದವರಂತೆ ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಫೋನು ತೆಗೆದು, ಕನ್ನಡಕ ಏರಿಸಿ, ಒಂದನೇ ತಾರೀಖನ್ನು ಗುರುತು ಹಾಕಿಕೊಂಡರು.

ಶನಿವಾರ ಯಂತ್ರ ಬಂತು. ಒಂದನೇ ತಾರೀಖು ಬೆಳಿಗ್ಗೆ ಒಂಬತ್ತಕ್ಕೆ, ಅಂಗಡಿಯ ಬಾಗಿಲು ಅರ್ಧ ಮೇಲೇಳುವಷ್ಟರಲ್ಲಿ ಮೇಷ್ಟ್ರು ಕೆಳಗಿನಿಂದ ಬಗ್ಗಿ ಒಳಗೆ ಬಂದರು. ಎರಡು ಸಾವಿರದ ನಾಲ್ಕುನೂರನ್ನು ಮೇಜಿನ ಮೇಲೆ ಎಣಿಸಿಟ್ಟು, ರಸೀದಿ ಬರೆಸಿಕೊಂಡು, ಅದರ ಮೇಲೆ ತಾರೀಖು ಮಾತ್ರ ಸಾಲದು, ಟೈಮೂ ಬೇಕೆಂದು ಹಟ ಹಿಡಿದರು. ಹೋಗಲು ಎದ್ದವರು ಬಾಗಿಲಲ್ಲಿ ನಿಂತು, ಸ್ವಲ್ಪ ಸಂಕೋಚದಿಂದಲೇ ಕೇಳಿದರು.

"ಈಗ ನಿನ್ನ ಹತ್ರ ನನ್ನ ಸ್ಕೋರು ಎಷ್ಟಾಯ್ತಯ್ಯ?"

ನಲವತ್ತೈದಣ್ಣ ಪಟ್ಟಿಯನ್ನು ಸರಿಯಾಗಿ ಕೂರಿಸಿ ಪೆಡಲು ಒತ್ತಿದ. ಎರಡು ಬ್ಲೇಡೂ ಇಳಿದವು, ಭುಜಕ್ಕೆ ಗೊತ್ತೇ ಆಗಲಿಲ್ಲ.

"ಈಗ ತಾನೇ ಶುರುವಾಗಿದೆ ಮೇಷ್ಟ್ರೇ," ಎಂದ. "ಅವಸರ ಬೇಡ."